ತಮ್ಮನ ಸ್ಕೋರು 5, ನನ್ನದು 4

ಮೊನ್ನೆ ಶುಕ್ರವಾರ ರಾತ್ರಿ ಹನ್ನೊಂದೂವರೆ. ಮಗಳನ್ನ ಮಲಗಿಸಿ, ಅಡುಗೆಮನೆ ಒರೆಸಿ, ಆಗಷ್ಟೇ ಫೋನ್ ಹಿಡಿದು ಒರಗಿದ್ದೆ. ಹೈದರಾಬಾದಿನಲ್ಲಿ ಕೆಲಸ ಮಾಡೋ ತಮ್ಮನಿಂದ ವಾಟ್ಸಾಪ್. ಒಂದು ಲಿಂಕು, ಅದರ ಕೆಳಗೆ ಒಂದೇ ಸಾಲು: “ಅಕ್ಕಾ, ನಂದು 5 ಬಂತು. ನಿಂದೆಷ್ಟು ನೋಡು.”

‘ನೀವು ಯಾವ ತಿಂಡಿ’ ಅನ್ನೋ ಥರದ ಕ್ವಿಜ್ ಇರಬೇಕು ಅಂದ್ಕೊಂಡೆ. ಅದರಲ್ಲಿ ನಾನು ಸೆಟ್ ದೋಸೆ, ಅದು ಬೇರೆ ವಿಷಯ. ತೆಗೆದು ನೋಡಿದರೆ ಇದು ಆ ಥರದ್ದಲ್ಲ. ನಿಮಗೆ 18 ತುಂಬೋಕೆ ಮುಂಚೆ ಮನೆಯಲ್ಲಿ ದೊಡ್ಡವರು ಹೊಡೀತಿದ್ರಾ? ಹೀಯಾಳಿಸ್ತಿದ್ರಾ? ಅಮ್ಮನ ಮೇಲೆ ಯಾರಾದ್ರೂ ಕೈ ಮಾಡ್ತಿದ್ರಾ? ಕುಡಿತದ ಚಟ ಇರೋರು ಮನೆಯಲ್ಲಿದ್ರಾ? ಹೀಗೆ 10 ಪ್ರಶ್ನೆ. ಹೌದು, ಇಲ್ಲ, ಎರಡೇ ಉತ್ತರ. ‘ಹೌದು’ಗಳನ್ನ ಕೂಡಿಸಿದರೆ ನಿಮ್ಮ ಸ್ಕೋರು.

ನಂದು 4 ಬಂತು. ಕಳಿಸಿದೆ. ನೀಲಿ ಟಿಕ್ ಬಿತ್ತು. ‘ಟೈಪಿಂಗ್’ ಅಂತ ಬಂತು, ಹೋಯ್ತು, ಮತ್ತೆ ಬಂತು. ಆಮೇಲೆ ಇದು:

“ಆ ತುಮಕೂರಿನ ಹುಡುಗಿ ಮನೆಯೋರಿಗೆ ಬೇಡ ಅಂದ್ಬಿಡೋಕೆ ಅಮ್ಮಂಗೆ ಹೇಳು ಅಕ್ಕಾ. ನಂಗೆ ಮದುವೆ ಬೇಡ. 4 ಅಥವಾ ಜಾಸ್ತಿ ಬಂದೋರು ಕುಡುಕರಾಗೋ ಚಾನ್ಸು 7 ಪಟ್ಟಂತೆ. ಇದು ಜಾತಕ ಅಲ್ಲ, ಸೈನ್ಸು.”

ನಮ್ಮ ಅಪ್ಪನ ಬಗ್ಗೆ ಜಾಸ್ತಿ ಹೇಳಲ್ಲ. ಕುಡೀತಿದ್ರು, ಕುಡಿದಾಗ ಹೊಡೀತಿದ್ರು, ಕುಡಿಯದ ದಿನ ಬೆಳಗ್ಗೆ ನನಗೆ ಜಡೆ ಹಾಕ್ತಿದ್ರು. ತೀರಿಕೊಂಡು 6 ವರ್ಷ ಆಯ್ತು. ಇದನ್ನ ಬರೀಬಹುದಾ ಅಂತ ಅಮ್ಮನನ್ನೂ ತಮ್ಮನನ್ನೂ ಕೇಳಿಯೇ ಬರೀತಿದ್ದೀನಿ. ಅಮ್ಮ ಅಂದಿದ್ದು, “ಬರಿ, ಬೀದಿಗೆಲ್ಲ ಗೊತ್ತಿದ್ದಿದ್ದೇ ತಾನೇ.”

ಆ ರಾತ್ರಿ ತಮ್ಮನಿಗೆ ‘ಹುಚ್ಚಪ್ಪ, ಮಲ್ಕೋ’ ಅಂತ ಕಳಿಸಿದೆ. ನನಗೇ ನಿದ್ದೆ ಬರಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಕೂತು ಈ ಸ್ಕೋರು ಎಲ್ಲಿಂದ ಬಂತು ಅಂತ ಓದಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಯಾಕಂದ್ರೆ ಈ ಲಿಂಕು ನಿಮ್ಮ ಫೋನಿಗೂ ಬಂದಿರುತ್ತೆ, ಇಲ್ಲಾ ಬರುತ್ತೆ.

ಕತೆ ಶುರುವಾಗೋದು 1980ರ ದಶಕದಲ್ಲಿ, ಅಮೆರಿಕದ ಸ್ಯಾನ್ ಡಿಯೇಗೋ ಊರಲ್ಲಿ. ಕೈಸರ್ ಪರ್ಮನೆಂಟೆ ಅನ್ನೋ ದೊಡ್ಡ ಆರೋಗ್ಯ ಸಂಸ್ಥೆಯಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ತೂಕ ಇಳಿಸೋ ಕ್ಲಿನಿಕ್ ನೋಡ್ಕೋತಿದ್ರು. ಅವರಿಗೊಂದು ಒಗಟು ಎದುರಾಯ್ತು. ಕಾರ್ಯಕ್ರಮ ಅರ್ಧಕ್ಕೆ ಬಿಟ್ಟು ಹೋಗ್ತಿದ್ದವರಲ್ಲಿ ಬಹಳಷ್ಟು ಜನ ತೂಕ ಇಳಿಯದೆ ಬೇಸತ್ತವರಲ್ಲ, ಚೆನ್ನಾಗಿ ಇಳೀತಿದ್ದವರೇ. ಯಾಕೆ ಅಂತ ಒಬ್ಬೊಬ್ಬರನ್ನೇ ಕೂರಿಸಿ ಬಾಲ್ಯದಿಂದ ಕೇಳ್ತಾ ಹೋದಾಗ, ಅವರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ಹೊರಗೆ ಬಂತು. ಕೆಲವರಿಗೆ ಮೈಯ ದಪ್ಪವೇ ಒಂದು ಗೋಡೆ. ದಪ್ಪಗಿದ್ದರೆ ಯಾರ ಕಣ್ಣೂ ಬೀಳಲ್ಲ ಅನ್ನೋ ಧೈರ್ಯ. ತೂಕ ಇಳಿದ ಹಾಗೆ ಆ ಗೋಡೆ ಬೀಳ್ತಿತ್ತು, ಹೆದರಿ ಓಡಿಹೋಗ್ತಿದ್ರು.

1990ರಲ್ಲಿ ಫೆಲಿಟ್ಟಿ ಇದನ್ನ ಅಟ್ಲಾಂಟಾದ ಒಂದು ಸಭೆಯಲ್ಲಿ ಹೇಳಿದಾಗ ಅನೇಕ ವೈದ್ಯರು ನಂಬಲಿಲ್ಲ. ಅದೇ ಊರಲ್ಲಿರೋ ಸಿಡಿಸಿ, ಅಂದರೆ ರೋಗ ತಡೆಯ ಕೆಲಸ ಮಾಡೋ ಅಮೆರಿಕದ ಸರ್ಕಾರಿ ಸಂಸ್ಥೆ, ಮಾತ್ರ ಕಿವಿ ಕೊಟ್ಟಿತು. ಅಲ್ಲಿನ ಸಂಶೋಧಕ ಡಾ. ರಾಬರ್ಟ್ ಆಂಡಾ, ಫೆಲಿಟ್ಟಿ ಜೊತೆ ಸೇರಿ ದೊಡ್ಡ ಅಧ್ಯಯನವನ್ನೇ ರೂಪಿಸಿದರು. ಕೈಸರ್‌ಗೆ ತಪಾಸಣೆಗೆ ಬಂದ ಸಾಮಾನ್ಯ ಜನರ ಮನೆಗೆ ಪ್ರಶ್ನಾವಳಿ ಕಳಿಸಿದರು. ಮೊದಲ ಸುತ್ತಿನಲ್ಲಿ 9,508 ಜನ ಉತ್ತರ ಬರೆದು ಕಳಿಸಿದರು. ಎರಡೂ ಸುತ್ತು ಸೇರಿದಾಗ 17,000 ದಾಟಿತು. ಮೊದಲ ವರದಿ 1998ರಲ್ಲಿ ಬಂತು. ಅದರಲ್ಲಿ ಕೇಳಿದ್ದು 7 ಬಗೆಯ ಸಂಕಷ್ಟ, ಆಮೇಲೆ ಅದು 10 ಆಯ್ತು. ತಮ್ಮ ಕಳಿಸಿದ ಕ್ವಿಜ್ ಅದರದ್ದೇ ಮೊಮ್ಮಗು.

ಉತ್ತರ ಕೊಟ್ಟವರು ಯಾರು ಅನ್ನೋದೇ ಮುಖ್ಯ. ಹೆಚ್ಚಿನವರು ಬಿಳಿಯರು, ನಡುವಯಸ್ಸು ದಾಟಿದವರು, ಓದಿಕೊಂಡವರು, ಆರೋಗ್ಯ ವಿಮೆ ಇದ್ದವರು. ‘ಇಂಥವೆಲ್ಲ ಬಡವರ ಮನೆಯಲ್ಲಿ ಆಗೋದು’ ಅಂತ ಮೂಗೆಳೆಯೋ ಜನರ ಮನೆಗಳೇ. ಅಲ್ಲಿ ಅರ್ಧಕ್ಕೂ ಹೆಚ್ಚು ಜನ ಒಂದಲ್ಲ ಒಂದಕ್ಕೆ ‘ಹೌದು’ ಅಂದಿದ್ರು. ಸ್ಕೋರು ಏರಿದ ಹಾಗೆ ಕುಡಿತ, ಖಿನ್ನತೆ ಮಾತ್ರ ಅಲ್ಲ, ಹೃದಯದ ಕಾಯಿಲೆ, ಪಾರ್ಶ್ವವಾಯು, ಶ್ವಾಸಕೋಶದ ತೊಂದರೆ ಎಲ್ಲ ಮೆಟ್ಟಿಲು ಹತ್ತಿದ ಹಾಗೆ ಏರ್ತಾ ಹೋಗಿತ್ತು. ಮೊದಲ ಸಲ ಈ ಅಂಕಿಗಳನ್ನ ನೋಡಿದಾಗ ಅತ್ತುಬಿಟ್ಟೆ ಅಂತ ಆಂಡಾ ಆಮೇಲೆ ಹೇಳಿಕೊಂಡಿದ್ದಾರೆ. ಅಂಕಿಅಂಶದ ಮನುಷ್ಯ ಅಳೋದು ಅಂದ್ರೆ ಹುಡುಗಾಟ ಅಲ್ಲ.

ಇಷ್ಟು ಓದೋ ಹೊತ್ತಿಗೆ ನನ್ನ ಧೈರ್ಯ ಸ್ವಲ್ಪ ಕುಸಿದಿತ್ತು. ತಮ್ಮ ಹೇಳಿದ 7 ಪಟ್ಟು ಸುಳ್ಳಲ್ಲ. ವರದಿಯಲ್ಲಿ ಇದೆ, 7.4 ಅಂತ.

ಆದರೆ ಅದೇ ಕೋಷ್ಟಕದಲ್ಲಿ ಪಕ್ಕದ ಕಾಲಂ ಒಂದಿದೆ. ಒಂದೂ ಸಂಕಷ್ಟ ಇಲ್ಲದೆ ಬೆಳೆದವರಲ್ಲಿ, ‘ನಾನು ಕುಡಿತಕ್ಕೆ ದಾಸ’ ಅಂತ ಒಪ್ಪಿಕೊಂಡವರು 100ಕ್ಕೆ ಸುಮಾರು 3. ಸ್ಕೋರು 4 ಅಥವಾ ಹೆಚ್ಚು ಇದ್ದವರಲ್ಲಿ 100ಕ್ಕೆ 16. ಅಂದರೆ ನಮ್ಮಂಥ ಮನೆಯಿಂದ ಬಂದ 100 ಜನರಲ್ಲಿ 84 ಜನ ಹಾಗಾಗಿರಲಿಲ್ಲ.

ಇದನ್ನ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದೆ. 84!

ಎಂಜಿನಿಯರ್ ನೋಡಿ, ತಕ್ಷಣ ಕೊಕ್ಕೆ ಹಾಕಿದ. “16ನ್ನ 3ರಿಂದ ಭಾಗಿಸಿದ್ರೆ 7 ಎಲ್ಲಿ ಬರುತ್ತೆ?” ವಯಸ್ಸು, ಓದು, ಗಂಡು ಹೆಣ್ಣು ಎಲ್ಲ ಸರಿದೂಗಿಸಿ, ಅದೂ ಆಡ್ಸ್ ಅನ್ನೋ ಬೇರೆ ಅಳತೆಯಲ್ಲಿ ಬಂದ ಸಂಖ್ಯೆ ಅದು ಅಂತ ವಿವರಿಸಿದೆ. ಆಮೇಲೆ ಅವನೇ ಫೋನ್ ಮಾಡಿದ.

“ಅಕ್ಕಾ, ಹೋದ ತಿಂಗಳು ಆಫೀಸ್ ಪಾರ್ಟೀಲಿ ಎರಡು ಬಿಯರ್ ಕುಡಿದೆ. ಎಲ್ಲರೂ ಕುಡಿದ್ರು. ನಂಗೆ ಇಷ್ಟ ಆಯ್ತು. ಅದೇ ಭಯ.”

ಅಲ್ಲಿಗೆ ಗೊತ್ತಾಯ್ತು, ಕ್ವಿಜ್ ನೆಪ ಅಂತ. ಈ ಮಾತಿಗೆ ‘ಏನೂ ಆಗಲ್ಲ ಬಿಡು’ ಅನ್ನೋದು ಸುಳ್ಳಾಗ್ತಿತ್ತು. 3ಕ್ಕೂ 16ಕ್ಕೂ ಇರೋ ಅಂತರ ನಿಜ. ಕುಡಿಯೋ ಅಪ್ಪನ ಮಕ್ಕಳು ಲೋಟ ಎತ್ತೋಕೆ ಮುಂಚೆ ಬೇರೆಯವರಿಗಿಂತ ಒಂದು ಸಲ ಜಾಸ್ತಿ ಯೋಚಿಸಬೇಕಾದ್ದೇ. ಬೇಕಾದ್ರೆ ಕುಡಿಯೋದೇ ಬಿಡು ಅಂದೆ. ಬೇರೆ ಯಾರ ಹತ್ರ ಆದರೂ ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೂ ಮಾತಾಡ್ತಾರೆ ಅಂತಾನೂ ಹೇಳಿದೆ. ಆದರೆ ಬಿಯರ್ ಬಿಡೋದಕ್ಕೂ ಮದುವೆ ಬಿಡೋದಕ್ಕೂ ಏನು ಸಂಬಂಧ?

“ಸ್ಕೋರು ಅಕ್ಕಾ” ಅಂದ. ಸುತ್ತಿ ಬಳಸಿ ಅಲ್ಲಿಗೇ.

ಇಲ್ಲಿ ನನಗೆ ನೆರವಿಗೆ ಬಂದಿದ್ದು ಸ್ವತಃ ಆಂಡಾ. ಸ್ಕೋರು ಹುಟ್ಟಿಸಿದ ಇಬ್ಬರಲ್ಲಿ ಒಬ್ಬರು. 2020ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಲೇಖನ ಬರೆದರು. ಈ ಸ್ಕೋರನ್ನ ಒಬ್ಬೊಬ್ಬ ಮನುಷ್ಯನ ಭವಿಷ್ಯ ಹೇಳೋಕೆ ಬಳಸಬೇಡಿ, ಅದಕ್ಕೆ ಮಾಡಿದ್ದಲ್ಲ ಅನ್ನೋದು ಅದರ ತಿರುಳು. ಬಿಪಿ ಅಳೆಯೋಕೆ ಒಂದು ನಿಗದಿಯಾದ ಮಾನ ಇದೆ, ಯಾರು ಅಳೆದರೂ 140 ಅಂದ್ರೆ 140. ಈ ಸ್ಕೋರು ಹಾಗಲ್ಲ. ಎಷ್ಟು ಸಲ, ಎಷ್ಟು ಜೋರಾಗಿ, ಎಷ್ಟನೇ ವಯಸ್ಸಲ್ಲಿ, ಇದ್ಯಾವುದನ್ನೂ ಅದು ಕೇಳಲ್ಲ. ವರ್ಷಕ್ಕೊಂದು ಏಟು ತಿಂದವಳೂ ದಿನಾ ಬೆಲ್ಟಿನ ಏಟು ತಿಂದವನೂ ಅಲ್ಲಿ ಒಂದೇ ‘ಹೌದು’. ಸ್ಕೋರು 1 ಇರೋನು ಕುಗ್ಗಿಹೋಗಿರಬಹುದು, 6 ಇರೋಳು ಗಟ್ಟಿಯಾಗಿ ಬದುಕ್ತಿರಬಹುದು. ಸಾವಿರಾರು ಜನರನ್ನ ಒಟ್ಟಿಗೆ ನೋಡಿದಾಗ ಮಾತ್ರ ಆ ಮೆಟ್ಟಿಲು ಕಾಣೋದು. ಕರ್ನಾಟಕದಲ್ಲಿ ಈ ಸಲ ಮಳೆ ಕಮ್ಮಿ ಅಂದ್ರೆ ನಿಮ್ಮ ಹೊಲದಲ್ಲಿ ಎಷ್ಟು ಬಿತ್ತು ಅಂತ ಹೇಳಿದ ಹಾಗಾಗಲ್ಲವಲ್ಲ.

ಪ್ರಶ್ನೆಗಳೂ ಎಲ್ಲವನ್ನೂ ಕೇಳಲ್ಲ. ಹಸಿವು ಹೊರಟುಹೋದ ಮೇಲೆ ಉಳಿಯೋ ಭಯ, ಜಾತಿ ಹೆಸರು ಹಿಡಿದು ಕರೆಸಿಕೊಂಡಿದ್ದು, ಅಪ್ಪನೋ ಅಮ್ಮನೋ ಸತ್ತಿದ್ದು, ಹದಿನೈದಕ್ಕೇ ಮದುವೆ ಮಾಡಿದ್ದು, ಇವಕ್ಕೆ ಆ 10ರಲ್ಲಿ ಸ್ವಂತ ಜಾಗ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬೇರೆ ದೇಶಗಳಿಗೆ ಅಂತಲೇ ಮಾಡಿದ ಪ್ರಶ್ನಾವಳಿಯಲ್ಲಿ ಮದುವೆ, ಸಹಪಾಠಿಗಳ ಕಾಟ, ಬೀದಿ ಹಿಂಸೆ ಎಲ್ಲ ಸೇರಿಸಿದೆ. ಕ್ವಿಜ್ ಮಾಡೋರಿಗೆ ಅಷ್ಟು ತಾಳ್ಮೆ ಎಲ್ಲಿ.

ನಮ್ಮಿಬ್ಬರ ಸ್ಕೋರನ್ನೇ ನೋಡಿ. ಒಂದೇ ಮನೆ, ಒಂದೇ ಅಪ್ಪ, ಅದೇ ಏಟು. ನನಗೆ 4, ಅವನಿಗೆ 5. ಅವನ ಐದನೇ ‘ಹೌದು’ ಯಾವುದು ಅಂತ ಕೇಳಿದೆ. ‘ಮನೆಯಲ್ಲಿ ನಿಮ್ಮನ್ನ ಯಾರೂ ಪ್ರೀತಿಸಲ್ಲ, ನೀವು ಯಾರಿಗೂ ಮುಖ್ಯ ಅಲ್ಲ ಅನ್ನಿಸ್ತಿತ್ತಾ’ ಅನ್ನೋದು. ನಾನಿರಲಿಲ್ವಾ ಅಂತ ಬಾಯಿ ತುದಿಗೆ ಬಂತು. ನುಂಗಿಕೊಂಡೆ.

ಹಾಗಾದ್ರೆ ಒಬ್ಬರಿಗೆ ಉಪಯೋಗಕ್ಕೆ ಬಾರದ ಸ್ಕೋರು ಯಾಕೆ ಬೇಕು? ಇದಕ್ಕೆ ಉತ್ತರ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಅಜ್ಜಿ ಕಟ್ಟಿಸಿದ ಒಂದು ಕಟ್ಟೆ.

ತಮ್ಮನ ಎಡಗೈ ಮೇಲೆ, ಭುಜದಿಂದ ಮೊಣಕೈವರೆಗೂ ಸುಟ್ಟ ಕಲೆ ಇದೆ. ಅವನಿಗೆ ಆಗ 3 ವರ್ಷ, ನನಗೆ 7. ಅದೂ 1998. ನಮ್ಮದು ತಿಪಟೂರು ಕಡೆ ಊರು. ಅಡುಗೆ ನೆಲದ ಮೇಲೇ, ಪಂಪ್ ಸ್ಟೌನಲ್ಲಿ. ಸಂಜೆ ಅನ್ನ ಕುದೀತಿತ್ತು. ಅಪ್ಪ ಬೀದಿ ತಿರುವಿನಿಂದಲೇ ಕೂಗಾಡ್ತಾ ಬರೋದು ಕೇಳಿಸ್ತು. ಅಮ್ಮ ಎದ್ದು ಬಾಗಿಲ ಹತ್ರ ಹೋದಳು. ಅವಳು ಯಾವಾಗಲೂ ಹಾಗೇ, ಬೈಗುಳ ಹೊಸ್ತಿಲಾಚೆಗೇ ಮುಗಿಯಲಿ ಅಂತ. ಆ ಒಂದು ನಿಮಿಷದಲ್ಲಿ ತಮ್ಮ ತೆವಳಿಕೊಂಡು ಹೋಗಿ ಪಾತ್ರೆಗೆ ಸುತ್ತಿದ್ದ ಮಸಿಬಟ್ಟೆ ಎಳೆದ. ಕುದಿಯೋ ಗಂಜಿ ಕೈ ಮೇಲೆ.

ಪಕ್ಕದ ಮನೆಯವರು ಓಡಿಬಂದು ಟೂತ್‌ಪೇಸ್ಟ್ ಬಳಿದರು. ಅದು ತಪ್ಪು ಅಂತ ಈಗ ಗೊತ್ತು. ಸುಟ್ಟ ಜಾಗಕ್ಕೆ ಹರಿಯೋ ತಣ್ಣೀರು, 20 ನಿಮಿಷ, ಆಮೇಲೆ ಆಸ್ಪತ್ರೆ. ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ, ಐಸ್ ಕೂಡ ಬೇಡ. ಆಸ್ಪತ್ರೆಯಲ್ಲಿ ಹೇಗಾಯ್ತು ಅಂತ ಕೇಳಿದಾಗ ಅಮ್ಮ ಹೇಳಿದ್ದು “ಆಟ ಆಡ್ತಾ ಚೆಲ್ಲಿಕೊಂಡ.” ಅದೂ ಸುಳ್ಳಲ್ಲ. ಚೀಟಿಯಲ್ಲಿ ‘ಆಕಸ್ಮಿಕ’ ಅಂತ ಬರೆದುಕೊಂಡರು. ಊರಲ್ಲಿ ಮಾತ್ರ ಎರಡೇ ಮಾತು. ಮಗುವಿನ ಹಣೆಬರಹ, ಇಲ್ಲಾ ತಾಯಿಗೆ ನಿಗಾ ಇಲ್ಲ.

ಅಮ್ಮನ ಅಮ್ಮ ಸುದ್ದಿ ಕೇಳಿ ಬಂದರು. ಒಂದು ವಾರ ಬಾಯಿ ಬಿಡಲಿಲ್ಲ. ಎಂಟನೇ ದಿನ ಗಾರೆ ಕೆಲಸದವನನ್ನ ಕರೆಸಿ ಅಡುಗೆಮನೆಯಲ್ಲಿ ಕಟ್ಟೆ ಕಟ್ಟಿಸಿದರು. ಅಮ್ಮನ ಸೊಂಟದೆತ್ತರ, ಕಡಪ ಕಲ್ಲು ಹಾಕಿ. ಅಪ್ಪ ಏನಿದೆಲ್ಲ ಅಂದದ್ದಕ್ಕೆ ಅಜ್ಜಿ ಅವರ ಮುಖ ನೋಡದೆ ಅಮ್ಮನಿಗೆ ಹೇಳಿದರು: “ಅಳಿಯನ್ನ ರಿಪೇರಿ ಮಾಡೋದು ನನ್ ಕೈಲಿಲ್ಲ. ಒಲೆ ಮ್ಯಾಕ್ಕೆ ಇಡ್ಸೋದು ನನ್ ಕೈಲದೆ.” ಹೋಗುವಾಗ ನನ್ನನ್ನೂ ಕರ್ಕೊಂಡು ಹೋದರು. ಎರಡು ವರ್ಷ ನಾನು ಅಜ್ಜಿ ಮನೆಯಲ್ಲಿ ಓದಿದೆ. ತಮ್ಮ ಅಲ್ಲೇ ಉಳಿದ.

ಅಜ್ಜಿ ಮೂರನೇ ಕ್ಲಾಸು. ಅವರು ಮಾಡಿದ್ದಕ್ಕೆ ಒಂದು ಶಾಸ್ತ್ರವೇ ಇದೆ ಅಂತ ನನಗೆ ಗೊತ್ತಾಗಿದ್ದು ಈ ಭಾನುವಾರ. ಗಾಯ ತಡೆಯೋ ವಿಜ್ಞಾನ ಅಂತಾರೆ. ಅದರ ಹಿರಿಯರಲ್ಲಿ ಒಬ್ಬರು ಅಮೆರಿಕದ ಡಾ. ವಿಲಿಯಂ ಹ್ಯಾಡನ್. 1966ರಲ್ಲಿ ಅಲ್ಲಿ ಹೊಸದಾಗಿ ಹುಟ್ಟಿದ ರಸ್ತೆ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥ. ಅಪಘಾತ ಅನ್ನೋ ಪದವೇ ಅವರಿಗೆ ಹಿಡಿಸ್ತಿರಲಿಲ್ಲ. ಮನುಷ್ಯ, ವಸ್ತು, ಸುತ್ತಲ ಜಾಗ, ಈ ಮೂರನ್ನೂ ಘಟನೆಗೆ ಮುಂಚೆ, ಆಗುವಾಗ, ಆದಮೇಲೆ ಅಂತ ಬಿಡಿಸಿ ನೋಡಿ, ಯಾವ ಮನೆಯಲ್ಲಿ ಕೈ ಹಾಕಿದರೆ ಸುಲಭವಾಗಿ ಬದಲಾಗುತ್ತೋ ಅಲ್ಲಿ ಕೈ ಹಾಕಿ ಅಂದರು. ಮನುಷ್ಯನನ್ನ ತಿದ್ದೋದು ಎಲ್ಲಕ್ಕಿಂತ ನಿಧಾನದ ದಾರಿ. ನಮ್ಮ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತವರ ತಂಡ ದಶಕಗಳ ಕಾಲ ಮಾಡಿದ್ದೂ ಇದೇ ಜಾತಿಯ ಕೆಲಸ. ಬೆಂಗಳೂರಿನ ಆಸ್ಪತ್ರೆಗಳಿಂದ, ಪೊಲೀಸರಿಂದ ಗಾಯಾಳುಗಳ ಲೆಕ್ಕ ಕೂಡಿಸಿ, ಯಾರು, ಎಲ್ಲಿ, ಹೇಗೆ ಅಂತ ನೋಡೋದು. ‘ಹಣೆಬರಹ’ ಅಂತ ಬಿಟ್ಟಿದ್ದರೆ ಲೆಕ್ಕ ಯಾಕೆ ಬೇಕಿತ್ತು?

ನನಗೆ ತುಂಬ ಹಿಡಿಸಿದ್ದು ನ್ಯೂಯಾರ್ಕಿನ ಕಿಟಕಿಗಳ ಕತೆ. ಅಲ್ಲಿ ಎತ್ತರದ ಬಾಡಿಗೆ ಕಟ್ಟಡಗಳ ಕಿಟಕಿಯಿಂದ ಬಿದ್ದು ಮಕ್ಕಳು ಸಾಯ್ತಿದ್ರು. ಅಲ್ಲೂ ಜನ ತಾಯಂದಿರನ್ನೇ ಬೈದಿರ್ತಾರೆ, ಅದಕ್ಕೇನು ಅಧ್ಯಯನ ಬೇಕಿಲ್ಲ. 1972ರಲ್ಲಿ ನಗರದ ಆರೋಗ್ಯ ಇಲಾಖೆ ಬ್ರಾಂಕ್ಸ್ ಭಾಗದಲ್ಲಿ ‘ಮಕ್ಕಳಿಗೆ ಹಾರೋಕೆ ಬರಲ್ಲ’ ಅನ್ನೋ ಹೆಸರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಶಾರ್ಲಟ್ ಸ್ಪೀಗಲ್ ಅನ್ನೋರು ಅದರ ಹಿಂದಿದ್ದವರು. ಮಗು ಬಿದ್ದ ಸುದ್ದಿ ಬಂದರೆ ಆ ಮನೆಗೆ ಹೋಗಿ ವಿಚಾರಿಸೋದು, ತಿಳಿಹೇಳೋದು, ಎಲ್ಲಕ್ಕಿಂತ ಮುಖ್ಯ, ಕಿಟಕಿಗೆ ಹಾಕೋ ಸರಳುಗಳನ್ನ ಪುಕ್ಕಟೆ ಕೊಡೋದು. 1973ರಿಂದ 75ರ ಒಳಗೆ ಬ್ರಾಂಕ್ಸ್‌ನಲ್ಲಿ ಹೀಗೆ ಬೀಳೋದು ಅರ್ಧಕ್ಕಿಳಿಯಿತು. 1976ರಲ್ಲಿ ನಿಯಮವೇ ಬಂತು: 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರೋ ಬಾಡಿಗೆ ಮನೆಗೆ ಮಾಲೀಕನೇ ಸರಳು ಹಾಕಿಸಬೇಕು.

ಓದಿ ನಗು ಬಂತು. ನಮ್ಮ ಹಳೇ ಮನೆಗಳ ಕಿಟಕಿಗೆಲ್ಲ ಸರಳು ಇದ್ದೇ ಇರ್ತಿತ್ತು. ಕಳ್ಳರಿಗೆ ಅಂತ ಹಾಕಿಸಿದ್ದು, ಮಕ್ಕಳನ್ನ ಕಾಯ್ತು. ಈಗ ನಾವಿರೋ ನಾಲ್ಕನೇ ಮಹಡಿಯ ಫ್ಲ್ಯಾಟಿನ ಬಾಲ್ಕನಿಗೆ ಗ್ರಿಲ್ ಹಾಕಿಸ್ತೀನಿ ಅಂದ್ರೆ, ಕಟ್ಟಡದ ಅಂದ ಕೆಡುತ್ತೆ ಅಂತ ಸಂಘದವರ ಆಕ್ಷೇಪಣೆ. ಮಗಳಿಗೆ 3 ತುಂಬಿದೆ. ಕುರ್ಚಿ ಎಳೆಯೋದು ಕಲಿತಿದ್ದಾಳೆ. ಮೂರು ತಿಂಗಳಿಂದ ಪತ್ರ ವ್ಯವಹಾರ ನಡೀತಿದೆ. ಅಲ್ಲಿವರೆಗೂ ಬಾಲ್ಕನಿ ಬಾಗಿಲಿಗೆ ಮೇಲುಗಡೆ ಚಿಲಕ, ಕುರ್ಚಿ ಕುಂಡ ಎಲ್ಲ ಒಳಗೆ.

ಈಗ ಸ್ಕೋರಿಗೆ ವಾಪಸ್ ಬರ್ತೀನಿ. ಕುತೂಹಲ ಏನಂದ್ರೆ, ಸಿಡಿಸಿಯಲ್ಲಿ ಬಾಲ್ಯದ ಸಂಕಷ್ಟಗಳ ಕೆಲಸ ಈಗ ನೋಡ್ಕೊಳ್ಳೋದು ಅದರ ಗಾಯ ತಡೆ ವಿಭಾಗವೇ. ಹೊಡೆತ, ಬೈಗುಳ, ಮನೆಯೊಳಗಿನ ಭಯ ಇವೂ ಗಾಯಗಳೇ, ಇವಕ್ಕೂ ‘ಮುಂಚೆ’ ಅನ್ನೋದೊಂದು ಇದೆ ಅನ್ನೋ ಲೆಕ್ಕ. 2019ರಲ್ಲಿ ಅವರು 25 ರಾಜ್ಯಗಳ ಸುಮಾರು 1.44 ಲಕ್ಷ ವಯಸ್ಕರ ಉತ್ತರ ಜೋಡಿಸಿದರು. 10ರಲ್ಲಿ 6 ಜನಕ್ಕೆ ಒಂದಾದರೂ ಸಂಕಷ್ಟ, 6ರಲ್ಲಿ ಒಬ್ಬರಿಗೆ 4 ಅಥವಾ ಹೆಚ್ಚು. ಇವನ್ನ ತಡೆದರೆ ವಯಸ್ಕರ ಖಿನ್ನತೆಯ ಪ್ರಕರಣಗಳಲ್ಲಿ 44%ವರೆಗೆ ಇಳಿಸಬಹುದು ಅಂತ ಅಂದಾಜು ಹಾಕಿದರು. ಹೇಗೆ ತಡೆಯೋದು ಅನ್ನೋ ಪಟ್ಟಿಯಲ್ಲಿ ಮೊದಲು ಬರೋದು ಬುದ್ಧಿವಾದ ಅಲ್ಲ, ಕೌನ್ಸೆಲಿಂಗೂ ಅಲ್ಲ. ಕುಟುಂಬಕ್ಕೆ ಹಣದ ಆಸರೆ. ಚಿಕ್ಕ ಮಕ್ಕಳನ್ನ ನೋಡಿಕೊಳ್ಳೋ ಜಾಗ, ಮನೆಗೆ ಬರೋ ನರ್ಸು, ಮಕ್ಕಳಿಗೆ ಅಪ್ಪ ಅಮ್ಮ ಬಿಟ್ಟು ಬೇರೆ ದೊಡ್ಡವರ ಜೊತೆ, ಇವೂ ಪಟ್ಟಿಯಲ್ಲಿವೆ. ಸ್ಕೋರು ಇರೋದು ಇದಕ್ಕೆ. ಯಾವ ಊರಲ್ಲಿ ಎಷ್ಟು ಕಟ್ಟೆ ಕಟ್ಟಬೇಕು ಅಂತ ಲೆಕ್ಕ ಹಾಕೋಕೆ.

ನಮ್ಮಲ್ಲಿ ಬೇಕಿಲ್ವಾ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನ ಮಾತಾಡಿಸಿ ವರದಿ ತಂದಿತ್ತು. 3ರಲ್ಲಿ 2 ಮಕ್ಕಳು ಏಟು ತಿಂದವರು, ಅರ್ಧಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಕಂಡವರು. ಕರ್ನಾಟಕ ಆ 13ರಲ್ಲಿ ಇರಲಿಲ್ಲ. ಹಾಗಂತ ಸಮಾಧಾನ ಪಡೋ ಹಾಗೇನೂ ಇಲ್ಲ. ಪಕ್ಕದ ಮನೆಯಲ್ಲಿ ಮಗು ಕಷ್ಟದಲ್ಲಿದೆ ಅನ್ನಿಸಿದ್ರೆ 1098ಕ್ಕೆ ಫೋನ್ ಮಾಡಬಹುದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿದೆ, ಮಾಡೋರು ಕಮ್ಮಿ.

2007ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ನಮ್ಮ ಮನೆಯಲ್ಲಿ ಒಂದಷ್ಟು ವಾರ ಸ್ವರ್ಗ. ಆಮೇಲೆ ಅಪ್ಪ ಪ್ಯಾಕೆಟ್ ಬಿಟ್ಟು ಅಗ್ಗದ ವಿಸ್ಕಿ ಹಿಡಿದರು. ಅದಕ್ಕೇ ಒಂದೇ ಕಟ್ಟೆ ಸಾಲಲ್ಲ ಅಂತ ನಾನು ಅನುಭವದಿಂದ ಹೇಳಬಲ್ಲೆ. ಆದರೆ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಬಗ್ಗೆ ನನಗೆ ಆಸೆ ಇದೆ. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಸಣ್ಣ ಮಕ್ಕಳಿಗೆ, 4,000 ಗ್ರಾಮ ಪಂಚಾಯಿತಿಗಳಲ್ಲಿ. ಬಾಂಗ್ಲಾದೇಶದಲ್ಲಿ ಇಂಥದ್ದೇ ಕೇಂದ್ರಗಳಿವೆ, ಆಂಚಲ್ ಅಂತ ಹೆಸರು. ಮನೆಕೆಲಸದ ಭರಾಟೆಯ ಹೊತ್ತಲ್ಲಿ, ಬೆಳಗ್ಗೆ 9ರಿಂದ 1ರವರೆಗೆ, ಊರಿನದೇ ಒಬ್ಬ ಹೆಂಗಸು ಮಕ್ಕಳನ್ನ ನೋಡಿಕೊಳ್ತಾಳೆ. ಕೆರೆ ಕುಂಟೆಗೆ ಬಿದ್ದು ಮಕ್ಕಳು ಸಾಯೋದು ಅಂಥ ಊರುಗಳಲ್ಲಿ ಗಣನೀಯವಾಗಿ ಇಳಿಯಿತು. ಒಬ್ಬಳು ಹೆಂಗಸು, ಒಂದು ಕೋಣೆ, ನಾಲ್ಕು ಗಂಟೆ. ಕೃಷಿ ಹೊಂಡಗಳ ಸುದ್ದಿ ಪೇಪರಲ್ಲಿ ಓದಿದಾಗೆಲ್ಲ ನನಗೆ ಈ ನಾಲ್ಕು ಗಂಟೆ ನೆನಪಾಗುತ್ತೆ.

ತಮ್ಮನಿಗೆ ಇಷ್ಟೆಲ್ಲ ಹೇಳಿದೆ. ಅವನು “ಸರಿ, ಊರಿಗೆ ಕಟ್ಟೆ. ನಂಗೇನು?” ಅಂದ. ಅದೂ ನ್ಯಾಯವೇ. ಮೂವತ್ತು ವರ್ಷದವನಿಗೆ ಈಗ ಯಾರೂ ಕಟ್ಟೆ ಕಟ್ಟಿಸೋಕೆ ಬರಲ್ಲ.

ಆಗ ಇನ್ನೊಂದು ಅಧ್ಯಯನ ಕಳಿಸಿದೆ. 2019ರದ್ದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ್ದು. ಕ್ರಿಸ್ಟಿನಾ ಬೆಥೆಲ್ ಮತ್ತವರ ತಂಡ 6,000ಕ್ಕೂ ಹೆಚ್ಚು ಜನರಲ್ಲಿ ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಎಣಿಸಿತು. 7 ಪ್ರಶ್ನೆ. ಮನಸ್ಸಿನ ಮಾತು ಮನೆಯವರ ಹತ್ರ ಹೇಳಿಕೊಳ್ಳೋಕೆ ಆಗ್ತಿತ್ತಾ, ಕಷ್ಟದಲ್ಲಿ ಮನೆಯವರು ಜೊತೆಗಿದ್ರಾ, ಊರ ಹಬ್ಬ ಹರಿದಿನ ಖುಷಿ ಕೊಡ್ತಿತ್ತಾ, ಹೈಸ್ಕೂಲಲ್ಲಿ ನಮ್ಮವರು ಅನ್ನಿಸ್ತಿತ್ತಾ, ಸ್ನೇಹಿತರಿದ್ರಾ, ಅಪ್ಪ ಅಮ್ಮ ಅಲ್ಲದೆ ನಿಮ್ಮ ಬಗ್ಗೆ ನಿಜವಾಗಿ ಆಸಕ್ತಿ ಇದ್ದ ಇಬ್ಬರು ದೊಡ್ಡವರಾದರೂ ಇದ್ರಾ, ಮನೆಯಲ್ಲಿ ಒಬ್ಬ ದೊಡ್ಡವರ ಹತ್ರ ಸುರಕ್ಷಿತ ಅನ್ನಿಸ್ತಿತ್ತಾ. ಇದರಲ್ಲಿ 6 ಅಥವಾ 7 ‘ಹೌದು’ ಇದ್ದವರಲ್ಲಿ, ಎರಡಕ್ಕಿಂತ ಹೆಚ್ಚಿಲ್ಲದವರಿಗೆ ಹೋಲಿಸಿದರೆ, ಖಿನ್ನತೆ ಮತ್ತು ಮನಸ್ಸಿನ ಅನಾರೋಗ್ಯದ ಸಾಧ್ಯತೆ 72% ಕಮ್ಮಿ. ಕೆಟ್ಟ ಸ್ಕೋರು ಎಷ್ಟೇ ಇದ್ದರೂ ಒಳ್ಳೆಯದರ ಪ್ರಭಾವ ಉಳಿದಿತ್ತು. ಇದೂ ಜನಸಮೂಹದ ಲೆಕ್ಕವೇ, ಇದನ್ನೂ ಜಾತಕ ಮಾಡ್ಕೋಬೇಡ ಅಂತ ಕೆಳಗೆ ಬರೆದೆ.

ನನಗೆ ಅಜ್ಜಿ ಇದ್ದರು, ಅಜ್ಜಿ ಊರಿನ ಶಾಲೆಯ ಮೇಷ್ಟ್ರು ಇದ್ದರು. ನನ್ನ 4, ಅವನ 5 ಆಗಿದ್ದು ಅಲ್ಲೇ ಇರಬೇಕು. ಅವನಿಗೆ ಯಾರಿದ್ರು ಅಂತ ಯೋಚಿಸ್ತಾ ಕೂತಿದ್ದೆ. ಎರಡು ದಿನ ಅವನ ಕಡೆಯಿಂದ ಸದ್ದಿಲ್ಲ. ಬುಧವಾರ ರಾತ್ರಿ ಫೋನ್ ಬಂತು.

“ಅಕ್ಕಾ, ಆ 7 ಪ್ರಶ್ನೇಲಿ ಒಂದು ಡೌಟು.”

“ಏನೋ?”

“ಆ ಇಬ್ಬರು ದೊಡ್ಡವರು ಅಂತ ಇದೆಯಲ್ಲ. ಒಬ್ಬರು ಅಜ್ಜಿ, ಬೇಸಿಗೆ ರಜಕ್ಕಾದ್ರೂ ಕರ್ಕೊಂಡು ಹೋಗ್ತಿದ್ರು. ಇನ್ನೊಬ್ಬರು…” ಸುಮ್ಮನಾದ. “ನೀನು ವಾಪಸ್ ಬಂದ್ಮೇಲೆ ಅಪ್ಪ ಗಲಾಟೆ ಮಾಡಿದ ರಾತ್ರಿ ಹಿತ್ತಲ ಬಾಗಿಲಿಂದ ನನ್ನ ಕರ್ಕೊಂಡು ಹೋಗಿ ಬಟ್ಟೆ ಒಗೆಯೋ ಕಲ್ಲು ಮೇಲೆ ಕೂರಿಸ್ಕೊಂಡು 13ರ ಮಗ್ಗಿ ಹೇಳಿಸ್ತಿದ್ದೆಯಲ್ಲ, ಆಗ ನೀನು ದೊಡ್ಡವಳಾ?”

“ಹತ್ತೋ ಹನ್ನೊಂದೋ ವರ್ಷ ಕಣೋ.”

“ಅದಕ್ಕೇ ಕೇಳಿದ್ದು. ಲೆಕ್ಕಕ್ಕೆ ತಗೋಬಹುದಾ?”

ಗಂಟಲು ಕಟ್ಟಿತ್ತು. ತಗೋ ಅಂದೆ. ಆಮೇಲೆ ಅವನು ಅಲ್ಲಿನ ಮಳೆ, ಮೆಸ್ಸಿನ ಸಾರು ಅಂತೆಲ್ಲ ಮಾತಾಡಿದ. ತುಮಕೂರಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದೀನಿ, ಆ ಮನೆಯವರಿಗೆ ಇನ್ನೂ ಏನೂ ಹೇಳಬೇಡ ಅಂತ.